65 ವ್ಯಾಟ್ ಚಾರ್ಜರ್, 60 ವ್ಯಾಟ್ ಕೇಬಲ್, 45 ವ್ಯಾಟ್ ಫೋನ್: ಮೀಟರ್ ಮಾತ್ರ 25 ದಾಟುತ್ತಿಲ್ಲ, ಏಕೆ?

ಕೊನೆಬೆಂಚು

ಫೋನಿನ ವಿವರಪಟ್ಟಿಯಲ್ಲಿ ಇರುವುದು 45 ವ್ಯಾಟ್, ಪಿಡಿ ಪಿಪಿಎಸ್ (ಪಿಡಿ ಎಂದರೆ ಚಾರ್ಜರೂ ಫೋನೂ ವೋಲ್ಟೇಜ್ ಮಾತಾಡಿಕೊಳ್ಳುವ ಯುಎಸ್‌ಬಿ ನಿಯಮ). ಚಾರ್ಜರ್ 65 ವ್ಯಾಟ್. ಕೇಬಲ್ ಸಿ-ಟು-ಸಿ (ಎರಡೂ ತುದಿ ಯುಎಸ್‌ಬಿ ಸಿ), 2 ಮೀಟರ್, ನೈಲಾನ್ ಹೆಣಿಗೆ, ಮೇಲೆ 60 ವ್ಯಾಟ್ ಎಂದು ಅಚ್ಚಾಗಿದೆ. ಕೊಡುವವನ ಬಳಿ 65, ಹೊರುವವನ ಬಳಿ 60, ಉಣ್ಣುವವನಿಗೆ ಬೇಕಿರುವುದು 45. ಲೆಕ್ಕದಲ್ಲಿ ಎಲ್ಲೂ ಕೊರತೆ ಕಾಣುವುದಿಲ್ಲ. ಆದರೂ ಮಧ್ಯೆ ಸಿಕ್ಕಿಸಿದ ಯುಎಸ್‌ಬಿ ಮೀಟರ್ 25 ವ್ಯಾಟ್‌ಗಿಂತ ಮೇಲೇರುತ್ತಿಲ್ಲ. ಬ್ಯಾಟರಿ 15 ಶೇಕಡಾ, ಪರದೆ ಆರಿಸಿದೆ, ಫೋನ್ ಬಿಸಿಯಾಗಿಲ್ಲ.

ಚಾರ್ಜರಿನ ಬೆನ್ನ ಮೇಲಿನ ಸಾಲುಗಳು ಹೀಗಿವೆ (ಸಿ1, ಸಿ2 ಅದರ ಎರಡು ಪೋರ್ಟುಗಳು):

ಸಿ1: 5 ವೋಲ್ಟ್ 3 ಆಂಪ್, 9 ವೋಲ್ಟ್ 3 ಆಂಪ್, 15 ವೋಲ್ಟ್ 3 ಆಂಪ್, 20 ವೋಲ್ಟ್ 3.25 ಆಂಪ್, ಪಿಪಿಎಸ್ 3.3–11 ವೋಲ್ಟ್ 5 ಆಂಪ್
ಸಿ2: 5 ವೋಲ್ಟ್ 3 ಆಂಪ್, 9 ವೋಲ್ಟ್ 2.22 ಆಂಪ್
ಸಿ1+ಸಿ2: 45 ವ್ಯಾಟ್ + 20 ವ್ಯಾಟ್

ಹೊಸ ಚಾರ್ಜರ್ ಬೇಕೇ, ಹೊಸ ಕೇಬಲ್ ಬೇಕೇ? ಅಥವಾ ಫೋನಿನಲ್ಲೇ ಏನಾದರೂ ಐಬೇ?

ಓಮ್‌ಶಾಂತಿ

ಚಾರ್ಜರ್ ಸರಿಯಾಗಿದೆ, ಫೋನ್ ಸರಿಯಾಗಿದೆ. ಕೇಬಲ್ ಬದಲಿಸಿ.

ಕೇಬಲ್ ಮೇಲಿನ 60 ವ್ಯಾಟ್ ಎಂಬ ಅಂಕಿಯೇ ಇಲ್ಲಿ ದಾರಿ ತಪ್ಪಿಸಿರುವುದು. ಅದನ್ನು ಬಿಡಿಸಿ ಓದಿದರೆ 20 ವೋಲ್ಟ್ × 3 ಆಂಪ್. ಅಂದರೆ ಆ ಕೇಬಲ್ 3 ಆಂಪಿನದು, ಅಷ್ಟೇ. ಲ್ಯಾಪ್‌ಟಾಪ್ 20 ವೋಲ್ಟ್ ಕೇಳುತ್ತದೆ, ಆದ್ದರಿಂದ ಅದಕ್ಕೆ 60 ವ್ಯಾಟ್ ಪೂರ್ತಿ ಸಿಗುತ್ತದೆ. ನಿಮ್ಮ ಫೋನ್ ಕೇಳುವುದು 9–10 ವೋಲ್ಟ್ ಆಸುಪಾಸು. 9 × 3 = 27. ಅದೇ ಕೇಬಲ್, ಅದೇ ತಾಮ್ರ, ಫೋನಿನ ಪಾಲಿಗೆ ಮಾತ್ರ 27 ವ್ಯಾಟಿನ ಕೇಬಲ್. 45 ವ್ಯಾಟ್ ಹಂತಕ್ಕೆ 10 ವೋಲ್ಟಿನಲ್ಲಿ 4.5 ಆಂಪ್ ಹರಿಯಬೇಕು. 3 ಆಂಪಿನ ಕೇಬಲಿನಲ್ಲಿ ಅದಕ್ಕೆ ಅಪ್ಪಣೆ ಇಲ್ಲ, ಹಾಗಾಗಿ ಫೋನ್ ಕೆಳಗಿನ 25 ವ್ಯಾಟ್ ಹಂತಕ್ಕೆ ಇಳಿದು ಕೂತಿದೆ.

ಅಪ್ಪಣೆ ಎಂದದ್ದು ಸುಮ್ಮನೆ ಅಲ್ಲ. ಸಿ ಪ್ಲಗ್ಗಿನ 24 ಪಿನ್ನುಗಳ ನಡುವೆ ಸಿಸಿ ಎಂಬ ಒಂದು ದಾರಿ ಇದೆ. ಪಿಡಿ ಮಾತುಕತೆ ನಡೆಯುವುದೆಲ್ಲ ಅದರ ಮೇಲೆ. ಸಿಕ್ಕಿಸಿದೊಡನೆ ಚಾರ್ಜರ್ ತನ್ನಲ್ಲಿರುವ ಪಟ್ಟಿಯನ್ನು ಕಳಿಸುತ್ತದೆ (ನೀವು ಬರೆದ ಸಾಲುಗಳೇ ಆ ಪಟ್ಟಿ), ಫೋನ್ ಅದರಲ್ಲೊಂದನ್ನು ಆರಿಸಿ ಕೇಳುತ್ತದೆ, ಚಾರ್ಜರ್ ಒಪ್ಪಿದ ಮೇಲೆ ವೋಲ್ಟೇಜ್ ಏರುತ್ತದೆ. 3 ಆಂಪಿಗಿಂತ ಹೆಚ್ಚು ಕೊಡಬಲ್ಲ ಚಾರ್ಜರ್ ಪಟ್ಟಿ ಕಳಿಸುವ ಮುನ್ನ ಕೇಬಲನ್ನೂ ವಿಚಾರಿಸುತ್ತದೆ. 5 ಆಂಪಿನ ಕೇಬಲಿನ ತುದಿಯೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರುತ್ತದೆ, "ನಾನು 5 ಆಂಪಿನವನು" ಎಂದು ಉತ್ತರಿಸುವುದು ಅದೇ. ಉತ್ತರ ಬಾರದಿದ್ದರೆ ಚಾರ್ಜರ್ ತನ್ನ ಪಟ್ಟಿಯನ್ನೇ 3 ಆಂಪಿಗೆ ಕತ್ತರಿಸುತ್ತದೆ. ನಿಮ್ಮ ಸಂದರ್ಭದಲ್ಲಿ 20 ವೋಲ್ಟ್ 3.25 ಆಂಪ್ ಎಂಬ ಸಾಲು ಕೂಡ 3 ಆಂಪಿಗೆ ಇಳಿದಿರುತ್ತದೆ, ಮೀಟರಿನಲ್ಲಿ ಪಟ್ಟಿ ತೋರಿಸುವ ಸೌಲಭ್ಯ ಇದ್ದರೆ ನೋಡಿ.

ಕೊಳ್ಳುವಾಗ ಕೇಬಲ್ ಮೇಲೆ 5 ಆಂಪ್, 100 ವ್ಯಾಟ್ ಅಥವಾ 240 ವ್ಯಾಟ್, ಮೂರರಲ್ಲಿ ಒಂದು ಅಚ್ಚಾಗಿರಲಿ. 2021ರಲ್ಲಿ ಪಿಡಿ 3.1 ಬಂದು ಮಿತಿ 48 ವೋಲ್ಟ್ 5 ಆಂಪಿಗೆ, ಅಂದರೆ 240 ವ್ಯಾಟಿಗೆ ಏರಿದ ಮೇಲೆ ಹೊಸ ಕೇಬಲುಗಳ ಅಧಿಕೃತ ಗುರುತು 60 ಮತ್ತು 240, ಈ ಎರಡೇ. 100 ವ್ಯಾಟಿನವು ಹಳೆಯ ತಲೆಮಾರು, ಫೋನಿಗೆ ಧಾರಾಳವಾಗಿ ಸಾಕು.

ಪ್ಲಗ್‌ಪಾಯಿಂಟ್

ಒಂದು ಅನುಮಾನ. ಕೇಬಲ್ 2 ಮೀಟರ್ ಎಂದಿದ್ದಾರೆ. ಉದ್ದಕ್ಕೇ ವೋಲ್ಟೇಜ್ ಸೋರಿ ನಿಧಾನವಾಗಿರಬಾರದೇಕೆ? ಅದೇ ಕೇಬಲಿನ 1 ಮೀಟರ್ ಮಾದರಿ ತಂದರೆ ಸಾಲದೇ?

ಗೇಜ್24

ಸಾಲದು. ಇ-ಮಾರ್ಕರ್ ಇಲ್ಲದ ಕೇಬಲ್ ಗೇಣುದ್ದ ಇದ್ದರೂ 3 ಆಂಪೇ. ಅದು ಮಾತುಕತೆಯ ಮಿತಿ, ತಂತಿಯ ಮಿತಿಯಲ್ಲ.

ಉದ್ದದ ಲೆಕ್ಕ ಬೇರೆಯದು, ಆದರೆ ಅದೂ ತಿಳಿದಿರಬೇಕು. ಕೇಬಲಿನ ಹೊದಿಕೆಯ ಮೇಲೆ ಸಣ್ಣಕ್ಷರದಲ್ಲಿ "28ಎಡಬ್ಲ್ಯೂಜಿ/1ಪಿ + 24ಎಡಬ್ಲ್ಯೂಜಿ/2ಸಿ" ಎಂಬಂಥ ಬರಹ ಇರುತ್ತದೆ. ಮೊದಲ ಭಾಗ ಡೇಟಾ ಜೋಡಿ, ಎರಡನೆಯದು ವಿದ್ಯುತ್ ಹರಿಯುವ ಎರಡು ತಂತಿ. ನಮಗೆ ಬೇಕಾದ್ದು ಎರಡನೆಯದು. ಎಡಬ್ಲ್ಯೂಜಿ ಎಂದರೆ ತಂತಿಯ ದಪ್ಪದ ಅಳತೆ, ಗೇಜ್. ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ.

ತಾಮ್ರದ ತಂತಿಯ ರೋಧ ಪ್ರತಿ ಮೀಟರಿಗೆ ಸುಮಾರು: 28 ಗೇಜಿಗೆ 0.21 ಓಮ್, 24ಕ್ಕೆ 0.084, 22ಕ್ಕೆ 0.053, 20ಕ್ಕೆ 0.033. ಕರೆಂಟ್ ಹೋಗಿ ಬರಬೇಕು, ಆದ್ದರಿಂದ 1 ಮೀಟರ್ ಕೇಬಲಿಗೆ 2 ಮೀಟರ್ ತಂತಿ ಲೆಕ್ಕ.

ವಿದ್ಯುತ್ ತಂತಿಯೂ 28 ಗೇಜೇ ಇರುವ ಕಡ್ಡಿಯಂಥ 1 ಮೀಟರ್ ಕೇಬಲಿನಲ್ಲಿ 2 ಆಂಪ್ ಹರಿಸಿದರೆ 0.85 ವೋಲ್ಟ್ ದಾರಿಯಲ್ಲೇ ಮಾಯ. 5 ವೋಲ್ಟಿನಲ್ಲಿ ಹೊರಟದ್ದು 4.15ಕ್ಕೆ ತಲುಪುತ್ತದೆ, ಫೋನ್ "ಚಾರ್ಜರ್ ದುರ್ಬಲ" ಎಂದುಕೊಂಡು ತಾನೇ ಕರೆಂಟ್ ಇಳಿಸಿಕೊಳ್ಳುತ್ತದೆ. ಅದೇ ಕೇಬಲ್, ಅದೇ 2 ಆಂಪ್, 9 ವೋಲ್ಟ್ ಆದರೆ ಸೋರಿಕೆ ಅಷ್ಟೇ 0.85, ಆದರೆ ತಲುಪಿದ್ದು 8.15. ಫೋನಿಗೆ ಬೇಸರವೇ ಇಲ್ಲ. ಹಳೆಯ 5 ವೋಲ್ಟ್ ಚಾರ್ಜರುಗಳ ಕಾಲದಲ್ಲಿ ಕೇಬಲಿಗೆ ಅಷ್ಟೊಂದು ಬೈಗುಳ ಬೀಳುತ್ತಿದ್ದದ್ದು ಇದಕ್ಕೇ.

ಸಿ-ಟು-ಸಿ ಕೇಬಲಿಗೆ ನಿಯಮ ಕೊಟ್ಟಿರುವ ರಿಯಾಯಿತಿ: ಪ್ಲಸ್ ತಂತಿಯಲ್ಲಿ 0.5 ವೋಲ್ಟ್, ನೆಲದ (ಗ್ರೌಂಡ್) ತಂತಿಯಲ್ಲಿ 0.25 ವೋಲ್ಟ್, ಒಟ್ಟು 0.75. 24 ಗೇಜಿನ 1 ಮೀಟರ್ ಕೇಬಲ್ 3 ಆಂಪಿಗೆ 0.5 ವೋಲ್ಟ್ ಸೋರಿ ಪಾಸಾಗುತ್ತದೆ. 2 ಮೀಟರ್ ಆದರೆ 1 ವೋಲ್ಟ್, ಫೇಲು. 2 ಮೀಟರಿಗೆ 3 ಆಂಪ್ ಎಂದರೆ 22 ಗೇಜ್ ಬೇಕು, 5 ಆಂಪ್ ಎಂದರೆ 20. ಅದಕ್ಕೇ ಒಳ್ಳೆಯ 2 ಮೀಟರ್ 5 ಆಂಪ್ ಕೇಬಲ್ ಹುರಿಹಗ್ಗದಂತೆ ಬಿಗಿಯಾಗಿ ದಪ್ಪಗಿರುತ್ತದೆ. ಮೆತ್ತಗೆ, ತೆಳ್ಳಗೆ, ಉದ್ದಕ್ಕೆ, 5 ಆಂಪಿಗೆ, ಎಲ್ಲ ಒಟ್ಟಿಗೆ ಬೇಕೆಂದರೆ ತಾಮ್ರ ಒಪ್ಪುವುದಿಲ್ಲ.

ಇನ್ನು ಆ ನೈಲಾನ್ ಹೆಣಿಗೆ. ಅದು ಸವೆತ ತಡೆಯುವ ಅಂಗಿ ಮಾತ್ರ. ಒಳಗೆ 28 ಗೇಜ್ ಇದ್ದರೂ ಹೊರಗೆ ಹಗ್ಗದಷ್ಟು ದಪ್ಪ ಮಾಡಬಹುದು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿ ಹಾಕುವವರೂ ಇದ್ದಾರೆ, ಅದರ ರೋಧ ಇನ್ನೂ ಜಾಸ್ತಿ, ಮಡಚಿ ಬಿಡಿಸಿದರೆ ಬೇಗ ತುಂಡಾಗುತ್ತದೆ. ಗೇಜ್ ಬರೆಯದ ಕೇಬಲಿನ ದಪ್ಪವನ್ನು ನಂಬಲು ನನಗಂತೂ ಮನಸ್ಸಾಗುವುದಿಲ್ಲ.

ತಾಮ್ರದ ಪಾತ್ರೆ

ಪಿಪಿಎಸ್ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಪಿಡಿ ಇದ್ದರೆ ಸಾಕಲ್ಲವೇ? ಲ್ಯಾಪ್‌ಟಾಪಿನ 65 ವ್ಯಾಟ್ ಸಿ ಚಾರ್ಜರನ್ನು ಇಂಥ ಫೋನಿಗೆ ಹಾಕಿದರೆ?

ಓಮ್‌ಶಾಂತಿ

ಹಾಕಬಹುದು, ಹಾನಿ ಇಲ್ಲ. ಆದರೆ ಬಹಳಷ್ಟು ಲ್ಯಾಪ್‌ಟಾಪ್ ಚಾರ್ಜರುಗಳಲ್ಲಿ ಪಿಪಿಎಸ್ ಇರುವುದಿಲ್ಲ, ಹಾಗಿದ್ದಾಗ ಫೋನ್ 9 ವೋಲ್ಟಿನ ಸಾದಾ ಹಂತಕ್ಕೆ ಇಳಿಯುತ್ತದೆ.

ಸಾದಾ ಪಿಡಿಯಲ್ಲಿ ಮೆಟ್ಟಿಲುಗಳು ನಿಗದಿ: 5, 9, 15, 20 ವೋಲ್ಟ್. 12 ವೋಲ್ಟ್ ಹಳೆಯ ಆವೃತ್ತಿಯದು, ಈಗ ಇದ್ದರೂ ಇರಬಹುದು, ಇಲ್ಲದಿದ್ದರೂ ತಪ್ಪಿಲ್ಲ. ಪಿಪಿಎಸ್ ಎಂದರೆ ಮೆಟ್ಟಿಲಿನ ಬದಲು ಇಳಿಜಾರು: ಫೋನ್ 20 ಮಿಲಿವೋಲ್ಟ್ ಲೆಕ್ಕದಲ್ಲಿ ವೋಲ್ಟೇಜನ್ನೂ 50 ಮಿಲಿಆಂಪ್ ಲೆಕ್ಕದಲ್ಲಿ ಕರೆಂಟನ್ನೂ ಕೇಳಬಹುದು. 2017ರಲ್ಲಿ ಪಿಡಿ 3.0ಕ್ಕೆ ಸೇರಿದ್ದು.

ಇದರಿಂದ ಫೋನಿಗೇನು ಲಾಭ? ಬ್ಯಾಟರಿ 4 ವೋಲ್ಟಿನಲ್ಲಿದೆ ಎನ್ನಿ. ಚಾರ್ಜರ್ 9 ವೋಲ್ಟ್ ಕೊಟ್ಟರೆ ಫೋನಿನೊಳಗಿನ ಪರಿವರ್ತಕ ಅದನ್ನು ಇಳಿಸಬೇಕು, ಇಳಿಸುವಾಗ ಬಿಸಿ ಏಳುತ್ತದೆ. ಅದರ ಬದಲು ಫೋನ್ ಬ್ಯಾಟರಿಯ ಸರಿಯಾಗಿ ಎರಡರಷ್ಟಕ್ಕೆ ಸ್ವಲ್ಪ ಮೇಲೆ, 8 ವೋಲ್ಟ್ ಚಿಲ್ಲರೆ ಕೇಳಿದರೆ, ಚಾರ್ಜ್ ಪಂಪ್ ಎಂಬ ಸರಳ ಚಿಪ್ ವೋಲ್ಟೇಜನ್ನು ಅರ್ಧ ಮಾಡಿ ಕರೆಂಟನ್ನು ದುಪ್ಪಟ್ಟು ಮಾಡುತ್ತದೆ. ನಷ್ಟ ತೀರಾ ಕಡಿಮೆ. ಬ್ಯಾಟರಿ ವೋಲ್ಟೇಜ್ ಏರಿದಂತೆ ಫೋನ್ ತನ್ನ ಬೇಡಿಕೆಯನ್ನೂ ಇಷ್ಟಿಷ್ಟೇ ಏರಿಸುತ್ತಾ ಹೋಗುತ್ತದೆ. ಬಿಸಿ ಇರುವುದು ಚಾರ್ಜರಿನಲ್ಲಿ, ಜೇಬಿನಲ್ಲಿ ಇಡುವ ವಸ್ತುವಿನಲ್ಲಿ ಅಲ್ಲ.

ಪಿಪಿಎಸ್ ಎಂದು ಪೆಟ್ಟಿಗೆ ಮೇಲೆ ಬರೆದಿದ್ದರೆ ಅಲ್ಲಿಗೇ ಮುಗಿಯಲಿಲ್ಲ, ವ್ಯಾಪ್ತಿ ನೋಡಬೇಕು. ಸ್ಯಾಮ್‌ಸಂಗಿನ 25 ವ್ಯಾಟ್ ಚಾರ್ಜರಿನ ಮೇಲೆ 3.3–11 ವೋಲ್ಟ್ 2.25 ಆಂಪ್ ಎಂದಿರುತ್ತದೆ. ಬೇರೆ ಕಂಪನಿಯದನ್ನು ಕೊಳ್ಳುವಾಗ ಅದಕ್ಕೆ ಸಮ ಅಥವಾ ಮೇಲಿನದು ಇರಲಿ. ಬರೀ 3.3–5.9 ವೋಲ್ಟ್ ಎಂದಿದ್ದರೆ ಪಿಪಿಎಸ್ ಇದ್ದೂ ಇಲ್ಲದಂತೆ. 45 ವ್ಯಾಟ್ ಫೋನುಗಳಿಗೆ 10–11 ವೋಲ್ಟ್ ಹತ್ತಿರ 4.5 ಆಂಪ್ ಕೊಡುವ ಸಾಲು ಬೇಕು. 65 ವ್ಯಾಟ್ ಎಂದು ಮಾರುವ ಕೆಲವು ಚಾರ್ಜರುಗಳಲ್ಲಿ ಪಿಪಿಎಸ್ ಸಾಲು 3.3–21 ವೋಲ್ಟ್ 3 ಆಂಪ್ ಮಾತ್ರ. ಗುಣಿಸಿದರೆ 60 ದಾಟುತ್ತದೆ, ಆದರೆ ಫೋನಿಗೆ ಬೇಕಾದ 10 ವೋಲ್ಟಿನಲ್ಲಿ ಅದೂ 30 ವ್ಯಾಟೇ. ಕೇಬಲಿನ ಕಥೆಯೇ ಇಲ್ಲಿ ಚಾರ್ಜರಿನ ವೇಷದಲ್ಲಿ ಬಂದಿದೆ. ಕೊನೆಬೆಂಚು ಅವರ ಚಾರ್ಜರಿನಲ್ಲಿ 11 ವೋಲ್ಟಿಗೆ 5 ಆಂಪ್ ಇದೆ, ಆದ್ದರಿಂದಲೇ ಮೊದಲ ಸಾಲಿನಲ್ಲೇ ಕೇಬಲ್ ಬದಲಿಸಿ ಎಂದೆ.

ಮಂದಗತಿ

80 ವ್ಯಾಟ್ ಸೂಪರ್‌ವೂಕ್ ಫೋನಿಗೂ ಇದೇ ನಿಯಮವೇ? 100 ವ್ಯಾಟ್ ಪಿಡಿ ಚಾರ್ಜರ್, 240 ವ್ಯಾಟ್ ಕೇಬಲ್ ಹಾಕಿದರೂ ಆಮೆವೇಗ.

ಗೇಜ್24

ಅದು ಬೇರೆ ಭಾಷೆ. ಒಪ್ಪೋ 2014ರಲ್ಲಿ ವೂಕ್ ತಂದದ್ದೇ ವೋಲ್ಟೇಜ್ ಏರಿಸದೆ 5 ವೋಲ್ಟಿನಲ್ಲೇ ಕರೆಂಟ್ ಏರಿಸುವ ಹಟದಿಂದ. ಮುಂದೆ ವೋಲ್ಟೇಜೂ ಏರಿತು, 65 ವ್ಯಾಟಿನದು 10 ವೋಲ್ಟ್ 6.5 ಆಂಪ್. 6.5 ಆಂಪ್ ಎಂದರೆ ಯುಎಸ್‌ಬಿ ಸಿ ನಿಯಮದ 5 ಆಂಪ್ ಮಿತಿಯನ್ನೇ ದಾಟಿತು, ಆದ್ದರಿಂದ ಎಷ್ಟೇ ದುಬಾರಿ 240 ವ್ಯಾಟ್ ಕೇಬಲ್ ತಂದರೂ ಆ ವೇಗ ಬರುವುದಿಲ್ಲ. ಅದರ ಕೇಬಲ್ ಬೇರೆ, ಚಾರ್ಜರ್ ಬೇರೆ, ಅವುಗಳ ಗುರುತು ಹಿಡಿಯುವ ಮಾತುಕತೆ ಬೇರೆ.

ಇಂಥ ಫೋನಿಗೆ ಪಿಡಿ ಚಾರ್ಜರ್ ಹಾಕಿದಾಗ ಎಷ್ಟು ಸಿಗುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕೆಲವು 18 ವ್ಯಾಟಿಗೇ ನಿಲ್ಲುತ್ತವೆ, ಹೊಸ ಕೆಲವು ಪಿಪಿಎಸ್ ಒಪ್ಪಿಕೊಂಡು ಇನ್ನೂ ಮೇಲೆ ಹೋಗುತ್ತವೆ. ವಿವರಪಟ್ಟಿಯಲ್ಲಿ ಪಿಡಿ, ಪಿಪಿಎಸ್ ಮುಂದೆ ಬೇರೆ ವ್ಯಾಟ್ ಬರೆದಿದ್ದಾರೆಯೇ ನೋಡಿ. ಪೂರ್ತಿ ವೇಗ ಬೇಕಾದರೆ ಪೆಟ್ಟಿಗೆಯಲ್ಲಿ ಬಂದ ಜೋಡಿಯನ್ನೇ ಜೋಪಾನ ಮಾಡಿ, ಕಳೆದರೆ ಅದೇ ಕಂಪನಿಯ ಜೋಡಿ ತನ್ನಿ. ರಾತ್ರಿಯಿಡೀ ಚಾರ್ಜಿಗಿಡುವವರಿಗೆ ಈ ತಲೆಬಿಸಿ ಬೇಡವೇ ಬೇಡ, ಯಾವ ಪಿಡಿ ಚಾರ್ಜರಾದರೂ ಬೆಳಗಿನೊಳಗೆ ತುಂಬಿಸುತ್ತದೆ.

ಪ್ಲಗ್‌ಪಾಯಿಂಟ್

ಐಫೋನ್?

ಓಮ್‌ಶಾಂತಿ

ಐಫೋನ್ 8ರಿಂದ ಈಚೆಗೆ ಪಿಡಿ. 20 ವ್ಯಾಟ್ ಅಥವಾ ಮೇಲಿನ ಯಾವ ಪಿಡಿ ಚಾರ್ಜರ್ ಆದರೂ ಸರಿ, ಪಿಪಿಎಸ್ ಹುಡುಕಬೇಕಿಲ್ಲ. 14ರವರೆಗಿನ ಲೈಟ್ನಿಂಗ್ (ಆಪಲಿನದೇ ಹಳೆಯ ಪೋರ್ಟ್) ಫೋನಿಗೆ ಕೇಬಲ್ ಸಿ-ಟು-ಲೈಟ್ನಿಂಗ್ ಆಗಿರಬೇಕು. ಎ-ಟು-ಲೈಟ್ನಿಂಗ್ (ಎ ಎಂದರೆ ಹಳೆಯ ಅಗಲ ಮೂತಿಯ ಯುಎಸ್‌ಬಿ) ಕೇಬಲಿನಲ್ಲಿ 12 ವ್ಯಾಟಿಗೆ ನಿಲ್ಲುತ್ತದೆ. ಲೈಟ್ನಿಂಗ್ ಕೇಬಲಿಗೆ ಆಪಲ್ ಒಪ್ಪಿಗೆಯ ಎಂಎಫ್‌ಐ ಗುರುತು ನೋಡಿ. 2023ರ 15ರಿಂದ ಸಿ ಬಂದಿದೆ, 60 ವ್ಯಾಟಿನ ಸಾದಾ ಸಿ-ಟು-ಸಿ ಸಾಕು. ಪೆಟ್ಟಿಗೆಯಲ್ಲಿ ಬರುವ ಕೇಬಲ್ ಡೇಟಾ ಲೆಕ್ಕದಲ್ಲಿ ಯುಎಸ್‌ಬಿ 2, ಅಂದರೆ 480 ಮೆಗಾಬಿಟ್. 15 ಪ್ರೊದಲ್ಲಿ ತೆಗೆದ ದೊಡ್ಡ ವಿಡಿಯೊ ಬೇಗ ವರ್ಗಾಯಿಸಬೇಕಿದ್ದವರಿಗೆ ಮಾತ್ರ 10 ಗಿಗಾಬಿಟ್ ಕೇಬಲ್. ಚಾರ್ಜಿಂಗಿಗೂ ಡೇಟಾ ವೇಗಕ್ಕೂ ನಂಟಿಲ್ಲ.

ತಾಮ್ರದ ಪಾತ್ರೆ

ಎ ಪೋರ್ಟಿನ ಹಳೆಯ ಚಾರ್ಜರುಗಳು ಮನೆತುಂಬ ಇರುತ್ತವಲ್ಲ, ಅವನ್ನು ಎ-ಟು-ಸಿ ಕೇಬಲ್ ಹಾಕಿ ಬಳಸುವುದು ಸುರಕ್ಷಿತವೇ? 100 ವ್ಯಾಟ್ ಚಾರ್ಜರ್ ಫೋನ್ ಸುಡುತ್ತದೆ ಎನ್ನುವವರಿಗೆ ಏನು ಹೇಳಬೇಕು?

ಮಲ್ಟಿಮೀಟರ್

ಎರಡನೆಯದು ಸುಲಭ. ಕರೆಂಟನ್ನು ಚಾರ್ಜರ್ ತಳ್ಳುವುದಿಲ್ಲ, ಫೋನ್ ಎಳೆಯುತ್ತದೆ. ನಲ್ಲಿಗೆ ದೊಡ್ಡ ಟ್ಯಾಂಕ್ ಜೋಡಿಸಿದ ಮಾತ್ರಕ್ಕೆ ಲೋಟ ಒಡೆಯುವುದಿಲ್ಲ. ಬ್ಯಾಟರಿಗೆ ಎಷ್ಟು ಹೋಗಬೇಕೆಂದು ನಿರ್ಧರಿಸುವ ನಿಜವಾದ ಚಾರ್ಜರ್ ಫೋನಿನೊಳಗಿದೆ, ನಾವು ಗೋಡೆಗೆ ಚುಚ್ಚುವುದು ಬರೀ ಅಡಾಪ್ಟರ್. ಫೋನ್ ಕೇಳದೆ ಪಿಡಿ ಚಾರ್ಜರ್ 5 ವೋಲ್ಟ್ ದಾಟುವುದಿಲ್ಲ. ಸಿ-ಟು-ಸಿಯಲ್ಲಂತೂ ಆಚೆ ತುದಿಯಲ್ಲಿ ಸಾಧನ ಕಾಣುವವರೆಗೆ ಆ 5 ವೋಲ್ಟೂ ಬರುವುದಿಲ್ಲ.

ಎ-ಟು-ಸಿ ವಿಷಯ ಮಾತ್ರ ಎಚ್ಚರದ್ದು. ಎ ಪೋರ್ಟಿಗೆ ಸಿಸಿ ಪಿನ್ ಇಲ್ಲ, ಆದ್ದರಿಂದ ಪಿಡಿಯೂ ಇಲ್ಲ, ಪಿಪಿಎಸ್ಸೂ ಇಲ್ಲ. ಕೇಬಲಿನ ಸಿ ತುದಿಯೊಳಗೆ ಒಂದು 56 ಕಿಲೋಓಮ್ ರೆಸಿಸ್ಟರ್ ಕೂರಿಸಿರಬೇಕು. "ಆಚೆ ಇರುವುದು ಹಳೆಯ ಪೋರ್ಟು, ಮಿತವಾಗಿ ಎಳೆ" ಎಂಬ ಸಂದೇಶ ಅದು. ಅಗ್ಗದ ತಯಾರಕರು ಅಲ್ಲಿ 10 ಕಿಲೋಓಮ್ ಹಾಕಿದರೆ ಅದರರ್ಥ "3 ಆಂಪ್ ಎಳೆದುಕೋ" ಎಂದಾಗುತ್ತದೆ. ಆಗ ಫೋನ್ 1 ಆಂಪಿನ ಪುಟ್ಟ ಚಾರ್ಜರಿನಿಂದಲೋ ಲ್ಯಾಪ್‌ಟಾಪಿನ 0.5 ಆಂಪ್ ಪೋರ್ಟಿನಿಂದಲೋ 3 ಆಂಪ್ ಎಳೆಯಲು ಹೊರಡುತ್ತದೆ. ಸುಡುವುದು ಫೋನಲ್ಲ, ಚಾರ್ಜರು ಅಥವಾ ಪೋರ್ಟು. ಗೂಗಲ್ ಎಂಜಿನಿಯರ್ ಬೆನ್ಸನ್ ಲಿಯಂಗ್ 2015ರ ಕೊನೆಯಿಂದ ಇಂಥ ಕೇಬಲುಗಳನ್ನು ಒಂದೊಂದಾಗಿ ತರಿಸಿ ಪರೀಕ್ಷಿಸಿ ಬರೆದದ್ದೇ ಈ ಅಂಕಿ ಎಲ್ಲರ ಬಾಯಲ್ಲಿ ಬರಲು ಕಾರಣ. 2016ರಲ್ಲಿ ಪ್ಲಸ್ಸೂ ನೆಲವೂ ಅದಲುಬದಲಾಗಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೊಂದಿತು.

ಮನೆಯಲ್ಲೇ ಅಳೆಯುವುದಾದರೆ ಕೇಬಲನ್ನು ಎಲ್ಲಿಗೂ ಸಿಕ್ಕಿಸದೆ, ಸಿ ಬ್ರೇಕೌಟ್ ಬೋರ್ಡಿನಲ್ಲಿ (ಪಿನ್ನುಗಳನ್ನು ಹೊರಗೆ ತಂದಿರುವ ಪುಟ್ಟ ಹಲಗೆ) ವಿಬಸ್, ಅಂದರೆ ಪ್ಲಸ್ ತಂತಿ, ಮತ್ತು ಸಿಸಿ ನಡುವೆ ರೋಧ ನೋಡಿ. 56 ಕಿಲೋಓಮ್ ಆಸುಪಾಸು ಬಂದರೆ ಸರಿ. ಬರಿಗೈಯಲ್ಲಿ ಪ್ಲಗ್ಗಿನೊಳಗೆ ಮೀಟರಿನ ಮುಳ್ಳು ತೂರಿಸಲು ಹೋಗಬೇಡಿ, ಪಿನ್ ಬಾಗುತ್ತದೆ.

ಎ ಪೋರ್ಟಿನ ವೇಗದ ಚಾರ್ಜಿಂಗ್ ಎಂದರೆ ಸಾಮಾನ್ಯವಾಗಿ ಕ್ವಿಕ್ ಚಾರ್ಜ್. ಅದರ 2 ಮತ್ತು 3ನೇ ಆವೃತ್ತಿಗಳ ಮಾತುಕತೆ ಡೇಟಾ ತಂತಿಗಳ ಮೇಲೆ ನಡೆಯುತ್ತದೆ. ಹಾಗಾಗಿ ಡೇಟಾ ತಂತಿಯೇ ಇಲ್ಲದ "ಚಾರ್ಜಿಂಗ್ ಮಾತ್ರ" ಕೇಬಲ್ ಹಾಕಿದರೆ ಅದು 5 ವೋಲ್ಟಿಗೆ ಬೀಳುತ್ತದೆ. ಕಂಪ್ಯೂಟರಿಗೆ ಜೋಡಿಸಿದಾಗ ಫೋನ್ ಕಾಣಿಸದೇ ಇದ್ದರೆ ಮೊದಲು ಶಂಕಿಸಬೇಕಾದ್ದೂ ಇದನ್ನೇ.

ಮಂದಗತಿ

ಇದರ ತದ್ವಿರುದ್ಧ ತೊಂದರೆ: ಬ್ಲೂಟೂತ್ ಇಯರ್‌ಫೋನ್ ಡಬ್ಬಿ, ಟಾರ್ಚ್, ಟ್ರಿಮ್ಮರ್ ಎಲ್ಲಕ್ಕೂ ಸಿ ಪೋರ್ಟ್ ಇರುತ್ತದೆ. ಎ-ಟು-ಸಿ ಹಾಕಿದರೆ ಚಾರ್ಜ್ ಆಗುತ್ತದೆ, ಸಿ-ಟು-ಸಿ ಹಾಕಿದರೆ ದೀಪವೇ ಹತ್ತುವುದಿಲ್ಲ.

ಮಲ್ಟಿಮೀಟರ್

ಸಾಧನದೊಳಗೆ ಎರಡು ಸಿಸಿ ಪಿನ್ನಿಗೂ ಒಂದೊಂದು 5.1 ಕಿಲೋಓಮ್ ರೆಸಿಸ್ಟರ್ ಇರಬೇಕಿತ್ತು, ತಯಾರಕ ಉಳಿತಾಯ ಮಾಡಿದ್ದಾನೆ. ಅದು ಕಾಣದಿದ್ದರೆ ಚಾರ್ಜರ್ "ಆಚೆ ಯಾರೂ ಇಲ್ಲ" ಎಂದು ಸುಮ್ಮನಿರುತ್ತದೆ. ಎ ಪೋರ್ಟಿಗೆ ಆ ಶಿಷ್ಟಾಚಾರ ಇಲ್ಲ, 5 ವೋಲ್ಟ್ ಸದಾ ಹೊರಗೇ ಇರುತ್ತದೆ. ಕೇಬಲಿನ ತಪ್ಪಲ್ಲ. ಒಂದು ಎ-ಟು-ಸಿ ಕೇಬಲನ್ನು ಇಂಥವಕ್ಕೆಂದೇ ಎತ್ತಿಡಿ. ದೊಡ್ಡವರೂ ಇಲ್ಲಿ ಎಡವಿದ್ದಾರೆ: 2019ರ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೊದಲ ಬೋರ್ಡುಗಳಲ್ಲಿ ಎರಡು ಪಿನ್ನಿಗೆ ಒಂದೇ ರೆಸಿಸ್ಟರ್ ಹಂಚಿದ್ದರಿಂದ ಇ-ಮಾರ್ಕರ್ ಇರುವ ಒಳ್ಳೆಯ ಕೇಬಲ್ ಹಾಕಿದರೆ ಮಾತ್ರ ಅದು ಏಳುತ್ತಿರಲಿಲ್ಲ!

ಪ್ಲಗ್‌ಪಾಯಿಂಟ್

ಒಂದೇ ಕೇಬಲಿಗೆ ಮೂರು ಮೂತಿ ಇರುವುದು, ಅಯಸ್ಕಾಂತದ ತುದಿ ಇರುವುದು, ಉದ್ದ ಸಾಲದೆಂದು ಜೋಡಿಸುವ ಸಿ ಎಕ್ಸ್‌ಟೆನ್ಶನ್. ಇವುಗಳ ಬಗ್ಗೆ?

ಗೇಜ್24

ಮೂರು ಮೂತಿಯದು: ಬಹುತೇಕ 5 ವೋಲ್ಟಿಗಷ್ಟೇ ಕೆಲಸ. ಅದಕ್ಕಿಂತ ಮುಖ್ಯ, ಎರಡು ಮೂತಿಯನ್ನು ಒಟ್ಟಿಗೆ ಬಳಸಬೇಡಿ. ಮೂರೂ ಒಳಗೆ ಒಂದೇ ತಂತಿ. ಒಂದು ಫೋನ್ ಚಾರ್ಜರಿನೊಡನೆ ಮಾತಾಡಿ 9 ವೋಲ್ಟ್ ತರಿಸಿಕೊಂಡರೆ, ಪಕ್ಕದ ಮೂತಿಯಲ್ಲಿರುವ 5 ವೋಲ್ಟಿನ ಇಯರ್‌ಫೋನ್ ಡಬ್ಬಿಗೂ ಅದೇ 9 ಬಡಿಯುತ್ತದೆ.

ಅಯಸ್ಕಾಂತದ್ದು: ನಿಯಮದಲ್ಲಿ ಇಲ್ಲವೇ ಇಲ್ಲ. ತೆರೆದ ಪಿನ್ನಿಗೆ ಕಬ್ಬಿಣದ ಪುಡಿ ಅಂಟಿ ಪಕ್ಕದ ಪಿನ್ನಿಗೆ ಸೇತುವೆಯಾಗುತ್ತದೆ. ಸಿ ಪ್ಲಗ್ ಕಿತ್ತಾಗ ಪಿನ್ನುಗಳು ಬಿಡುವುದಕ್ಕೊಂದು ಕ್ರಮ ಇದೆ, ಅಯಸ್ಕಾಂತ ಓರೆಯಾಗಿ ಕಳಚಿದರೆ ಆ ಕ್ರಮ ಕೆಡುತ್ತದೆ. 20 ವೋಲ್ಟ್ ಇದ್ದಾಗ ಅದು ಸಿಸಿ ಪಿನ್ನಿಗೆ ತಾಗಿದರೆ ಪೋರ್ಟ್ ಹೋದಂತೆ.

ಎಕ್ಸ್‌ಟೆನ್ಶನ್: ಅದೂ ನಿಯಮಬಾಹಿರ. ಇ-ಮಾರ್ಕರ್ ತನ್ನ ಕೇಬಲಿಗಷ್ಟೇ ಸಾಕ್ಷಿ ಹೇಳುತ್ತದೆ, ಮುಂದೆ ಜೋಡಿಸಿದ ತೆಳು ತಂತಿಯ ಬಗ್ಗೆ ಚಾರ್ಜರಿಗೆ ಗೊತ್ತೇ ಆಗುವುದಿಲ್ಲ, 5 ಆಂಪ್ ಬಿಡುತ್ತದೆ. ಉದ್ದ ಬೇಕಾದರೆ ಉದ್ದದ ಕೇಬಲನ್ನೇ ತನ್ನಿ, ಇಲ್ಲವೇ ಗೋಡೆಯ ಕಡೆ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ.

ತಾಮ್ರದ ಪಾತ್ರೆ

ನಕಲಿ ಚಾರ್ಜರ್ ಗುರುತಿಸುವ ಬಗೆ? ಗ್ಯಾನ್ ಎಂದು ಬರೆದಿದ್ದರೆ ಒಳ್ಳೆಯದೇ?

ಓಮ್‌ಶಾಂತಿ

ಗ್ಯಾನ್ ಎಂದರೆ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್. ಸಿಲಿಕಾನಿಗಿಂತ ವೇಗವಾಗಿ ಸ್ವಿಚ್ ಆಗುತ್ತದೆ, ಟ್ರಾನ್ಸ್‌ಫಾರ್ಮರ್ ಸಣ್ಣದಾಗುತ್ತದೆ, ಡಬ್ಬಿ ಪುಟ್ಟದಾಗುತ್ತದೆ. ಫೋನ್ ಅದರಿಂದ ಬೇಗ ತುಂಬುವುದಿಲ್ಲ.

ನಕಲಿಯನ್ನು ಹಿಡಿಯಲು ಗುಣಾಕಾರವೇ ಮೊದಲ ಸಾಧನ. ಮುಂಭಾಗದಲ್ಲಿ 120 ವ್ಯಾಟ್ ಎಂದು ದೊಡ್ಡಕ್ಷರ, ಬೆನ್ನ ಮೇಲೆ 5 ವೋಲ್ಟ್ 3 ಆಂಪ್, 9 ವೋಲ್ಟ್ 2 ಆಂಪ್, 12 ವೋಲ್ಟ್ 1.5 ಆಂಪ್ ಎಂದಿದ್ದರೆ ಅದು 18 ವ್ಯಾಟಿನ ಚಾರ್ಜರ್. ಕೆಲವರು ಎಲ್ಲ ಪೋರ್ಟುಗಳ ಗರಿಷ್ಠವನ್ನು ಕೂಡಿಸಿ ದೊಡ್ಡ ಅಂಕಿ ಬರೆಯುತ್ತಾರೆ, ಒಟ್ಟು ಎಂಬ ಸಾಲು ಬೇರೆ ಇದೆಯೇ ನೋಡಿ. ಬೆನ್ನ ಮೇಲೆ ತಯಾರಕರ ಹೆಸರು, ಮಾದರಿ ಸಂಖ್ಯೆ, ಒಳಬರುವ 100–240 ವೋಲ್ಟ್ 50/60 ಹರ್ಟ್ಸ್ ಸಾಲು, ಚೌಕದೊಳಗೆ ಚೌಕದ ಗುರುತು (ಎರಡು ಪದರದ ನಿರೋಧಕ ಎಂದರ್ಥ), ನಿಮ್ಮ ದೇಶದ ಸುರಕ್ಷಾ ಗುರುತು ಇರಬೇಕು. ಔಟ್‌ಪುಟ್ ಸಾಲೇ ಇಲ್ಲದ ಚಾರ್ಜರನ್ನು ಮುಟ್ಟಬೇಡಿ.

ಮಂದಗತಿ

ಚಾರ್ಜಿಗಿಟ್ಟಾಗ ಲೋಹದ ಅಂಚು ಮುಟ್ಟಿದರೆ ಜುಮ್ ಎನ್ನುತ್ತದೆ. ಅದೂ ನಕಲಿಯ ಲಕ್ಷಣವೇ?

ಮಲ್ಟಿಮೀಟರ್

ಹಾಗೆಂದು ಹೇಳಲಾಗದು. ಎರಡು ಪಿನ್ನಿನ ಒಳ್ಳೆಯ ಚಾರ್ಜರಿನಲ್ಲೂ ಗೋಡೆಯ ಬದಿಗೂ ಫೋನಿನ ಬದಿಗೂ ನಡುವೆ ವೈ ಕೆಪಾಸಿಟರ್ ಎಂಬುದೊಂದು ಇರುತ್ತದೆ, ಗದ್ದಲ ಅಡಗಿಸಲು. ಅದರ ಮೂಲಕ ತೀರಾ ಸಣ್ಣ ಕರೆಂಟ್ ದಾಟುತ್ತದೆ, ಬೆರಳು ಸವರಿದರೆ ನವಿರಾಗಿ ಗೊತ್ತಾಗುತ್ತದೆ. ಜುಮ್ ಎನ್ನುವುದು ಸಹಜ, ಚುಚ್ಚಿದಂತೆ ಹೊಡೆಯುವುದು ಸಹಜವಲ್ಲ. ಹಾಗಾದರೆ ಆ ಚಾರ್ಜರನ್ನು ಎಸೆಯಿರಿ. ಪರದೆ ತಾನಾಗಿ ಒತ್ತಿಕೊಂಡಂತೆ ಕುಣಿದರೆ ಅದು ಚಾರ್ಜರಿನ ಗದ್ದಲ. ಬೇರೆ ಚಾರ್ಜರ್ ಹಾಕಿದಾಗ ನಿಂತರೆ ಮೊದಲಿನದೇ ತಪ್ಪಿತಸ್ಥ. ಸುಟ್ಟ ವಾಸನೆ, ಪ್ಲಗ್ಗಿನ ಬಣ್ಣ ಮಾಸುವುದು, ಪಿನ್ ಕಪ್ಪಾಗುವುದು, ಇವುಗಳಿಗೆ ಎರಡನೇ ಅವಕಾಶ ಕೊಡಬೇಡಿ. ಕಪ್ಪಾದ ಕೇಬಲ್ ಹೊಸ ಫೋನಿನ ಪೋರ್ಟನ್ನೂ ಕೆಡಿಸುತ್ತದೆ.

ಹೊಸ ಕೇಬಲ್ ತಂದರೂ ಅಲುಗಾಡಿಸಿದರಷ್ಟೇ ಚಾರ್ಜ್ ಆಗುತ್ತಿದ್ದರೆ ಪೋರ್ಟಿನ ತಳದಲ್ಲಿ ಜೇಬಿನ ಹತ್ತಿಪುಡಿ ಗಟ್ಟಿಯಾಗಿ ಕೂತಿದೆ ಎಂದೇ ಲೆಕ್ಕ. ಫೋನ್ ಆರಿಸಿ, ತೆಳುವಾಗಿ ಕೆತ್ತಿದ ಮರದ ಹಲ್ಲುಕಡ್ಡಿಯಿಂದ ಗೋಡೆಗುಂಟ ಕೆದಕಿ ಹೊರತೆಗೆಯಿರಿ. ನಡುವಿನ ನಾಲಿಗೆಯನ್ನು ಮೀಟಬೇಡಿ. ಸೂಜಿ, ಸಿಮ್ ಪಿನ್ ಬೇಡ. ಪ್ಲಗ್ ಮತ್ತೆ ಟಕ್ ಎಂದು ಕೂತರೆ ಕೆಲಸ ಆಯಿತು.

ಕೊನೆಬೆಂಚು

5 ಆಂಪ್, 1 ಮೀಟರ್, ಇ-ಮಾರ್ಕರ್ ಇರುವ ಕೇಬಲ್ ಹಾಕಿ ನೋಡಿಯಾಯಿತು. ಅದೇ ಚಾರ್ಜರ್, ಸಿ1, ಬ್ಯಾಟರಿ 15 ಶೇಕಡಾ. ಮೀಟರ್ ಈಗ 9.6 ವೋಲ್ಟ್ 4.3 ಆಂಪ್, ಸುಮಾರು 41 ವ್ಯಾಟ್. ಫೋನಿನಲ್ಲಿ "ಸೂಪರ್ ಫಾಸ್ಟ್ 2.0" ಎಂದು ಬಂತು.

ಎರಡು ವಿಚಿತ್ರ ಉಳಿದಿವೆ. ಸಿ2ಗೆ ಇಯರ್‌ಫೋನ್ ಸಿಕ್ಕಿಸಿದೊಡನೆ ಫೋನ್ ಒಂದೆರಡು ಸೆಕೆಂಡ್ ಚಾರ್ಜಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿತು. 60 ಶೇಕಡಾ ದಾಟಿದ ಮೇಲೆ ಮೀಟರ್ 20 ವ್ಯಾಟಿಗೆ ಇಳಿದಿದೆ. ಬ್ಯಾಟರಿ ಆ್ಯಪ್ ಬೇರೆಯೇ ಅಂಕಿ ತೋರಿಸುತ್ತಿದೆ.

ಗೇಜ್24

ಮೊದಲನೆಯದು ಚಾರ್ಜರಿನ ಸ್ವಭಾವ. ಹೊಸ ಅತಿಥಿ ಬಂದಾಗ 65ನ್ನು 45 + 20 ಎಂದು ಮತ್ತೆ ಹಂಚಬೇಕು, ಅದಕ್ಕೆ ಹಳೆಯ ಒಪ್ಪಂದ ಮುರಿದು ಪಟ್ಟಿಯನ್ನು ಹೊಸದಾಗಿ ಕಳಿಸುತ್ತದೆ. ಫೋನಿಗೆ ಇದು ಬರೀ ಕಣ್ಣು ಮಿಟುಕಿಸಿದಷ್ಟು. ಅದೇ ಪೋರ್ಟಿನಲ್ಲಿ ಬ್ಯಾಟರಿ ಇಲ್ಲದ ಸಾಧನವನ್ನು ಓಡಿಸುತ್ತಿದ್ದರೆ ಅದು ಆರಿ ಹೊತ್ತಿಕೊಳ್ಳುತ್ತದೆ, ಅಂಥದ್ದಕ್ಕೆ ಪ್ರತ್ಯೇಕ ಚಾರ್ಜರ್ ಇಡಿ. ಇಯರ್‌ಫೋನ್ ಡಬ್ಬಿ 2 ವ್ಯಾಟ್ ಎಳೆದರೂ ಸಿ2ಗೆ 20 ಮೀಸಲಾಗಿಬಿಡುತ್ತದೆ.

ಓಮ್‌ಶಾಂತಿ

ಎರಡನೆಯದು ಬ್ಯಾಟರಿಯ ಸ್ವಭಾವ. 5000 ಮಿಲಿಆಂಪ್‌ಅವರ್ ಬ್ಯಾಟರಿ 3.85 ವೋಲ್ಟಿನಲ್ಲಿ 19 ವ್ಯಾಟ್‌ಅವರ್ ಚಿಲ್ಲರೆ. 45 ವ್ಯಾಟ್ ಕೊನೆಯವರೆಗೆ ಹರಿದರೆ ಅರ್ಧ ಗಂಟೆ ಬೇಡ. ಆದರೆ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಒಂದೇ ಕರೆಂಟಿನಲ್ಲಿ ತುಂಬಿಸಿ, ವೋಲ್ಟೇಜ್ ಮಿತಿ ಮುಟ್ಟಿದ ಮೇಲೆ ಆ ವೋಲ್ಟೇಜನ್ನು ಹಿಡಿದಿಟ್ಟು ಕರೆಂಟನ್ನು ಇಳಿಸುತ್ತಾ ಬರಬೇಕು. ವೇಗದ ಫೋನುಗಳು ಬಿಸಿಗೆ ಹೆದರಿ ಅದಕ್ಕೂ ಮೊದಲೇ ಹಂತಹಂತವಾಗಿ ಇಳಿಸುತ್ತವೆ. ಆದ್ದರಿಂದ ಎರಡು ಕೇಬಲನ್ನು ಹೋಲಿಸುವುದಾದರೆ 20ರಿಂದ 40 ಶೇಕಡಾ ನಡುವೆ, ಪರದೆ ಆರಿಸಿ, ಕವಚ ತೆಗೆದು ಹೋಲಿಸಿ. 80ರ ಮೇಲೆ ಅಳೆದರೆ ಎಲ್ಲ ಕೇಬಲೂ ಒಂದೇ.

ಆ್ಯಪ್ ಅಳೆಯುವುದು ಬ್ಯಾಟರಿಗೆ ಹೋಗುವ ಕರೆಂಟನ್ನು, 4 ವೋಲ್ಟಿನ ಬದಿಯಲ್ಲಿ, ಅದೂ ಪರದೆ ಮತ್ತು ಪ್ರೊಸೆಸರ್ ತಮ್ಮ ಪಾಲು ತಿಂದ ಮೇಲೆ. ನಿಮ್ಮ ಮೀಟರ್ ಅಳೆಯುವುದು ಪೋರ್ಟಿನ ಬದಿಯನ್ನು. ಮೀಟರಿನಲ್ಲಿ 4.3 ಆಂಪ್ ಇದ್ದಾಗ ಆ್ಯಪಿನಲ್ಲಿ 8ಕ್ಕೂ ಮೇಲೆ ಕಂಡರೆ ಆಶ್ಚರ್ಯ ಬೇಡ, ಚಾರ್ಜ್ ಪಂಪ್ ಮಾಡಿದ ದುಪ್ಪಟ್ಟು ಅದು. ಎರಡು ಸೆಲ್ ಸಾಲಾಗಿರುವ ಫೋನುಗಳಲ್ಲಿ ಕೆಲವು ಆ್ಯಪ್ ಅರ್ಧವನ್ನೇ ತೋರಿಸುತ್ತವೆ.

ಕೊನೆಬೆಂಚು

ಆ್ಯಪಿನಲ್ಲಿ 8.4 ಆಂಪ್ ಇತ್ತು. ಸರಿಹೋಯಿತು. ಹಳೆಯ 2 ಮೀಟರ್ ಕೇಬಲ್ ಹೊದಿಕೆ ಮೇಲೆ ಈಗ ಹುಡುಕಿ ನೋಡಿದರೆ ಗೇಜ್ ಬರೆದೇ ಇಲ್ಲ. ಅದು ಇನ್ನು ಇಯರ್‌ಫೋನ್ ಡಬ್ಬಿಗೆ.

ಮಲ್ಟಿಮೀಟರ್

ಡಬ್ಬಿಯೊಳಗೆ 5.1 ಕಿಲೋಓಮ್ ಹಾಕಿದ್ದಾರೆ ಎಂದಾಯಿತು. ಸಿ2ರಲ್ಲಿ ದೀಪ ಹತ್ತಿತಲ್ಲ!